ಒಂಬತ್ತು ಗಂಟೆಗೆ ಖಾಲಿ ಮಾಡಿದ ಮಂಚ

ಎನಕ್ ಡ್ಯಾನಟ್‌ಗೆ ಬಟ್ಟೆ ಮಡಚುವುದೊಂದನ್ನು ಬಿಟ್ಟರೆ ಹೇಳಿಕೊಳ್ಳುವಂಥ ವಿದ್ಯೆ ಯಾವುದೂ ಬರುತ್ತಿರಲಿಲ್ಲ. ಲೌತ್ ಪೇಟೆಯ ಜವಳಿ ಅಂಗಡಿಯೊಂದರಲ್ಲಿ ಇಪ್ಪತ್ತೈದು ವರ್ಷ ನಿಂತೇ ದುಡಿದಿದ್ದ. ಗಿರಾಕಿಗಳು ಬಿಡಿಸಿ ನೋಡಿ, ಮೂಗು ಮುರಿದು ಬಿಟ್ಟುಹೋದ ಅಂಗಿಗಳನ್ನು ಯಾರೂ ಮುಟ್ಟೇ ಇಲ್ಲವೆನ್ನುವಂತೆ ಮತ್ತೆ ಮಡಚಿಡುವುದು ಅವನ ಕೆಲಸ. ಅಷ್ಟರಲ್ಲಿ ಯುದ್ಧ ಬಂತು. ನಲವತ್ತೊಂದು ತುಂಬಿದವನನ್ನೂ ವಾಯುಪಡೆಯವರು ಬಿಡಲಿಲ್ಲ. ವಿಮಾನ ಹತ್ತಿಸುವ ವಯಸ್ಸಲ್ಲ, ಬಂದೂಕು ಕೊಡುವ ಕಣ್ಣೂ ಅಲ್ಲ. ತೋಳಿಗೆ ಕಾರ್ಪೊರಲ್ ಪಟ್ಟಿ ಹೊಲಿಸಿ, ಲಿಂಕನ್‌ಷೈರಿನ ಸ್ಕೆಲ್ಬಿ ಎಂಬ ಬಾಂಬರ್ ನೆಲೆಗೆ ಕಳಿಸಿ, ಸತ್ತವರ ಸಾಮಾನು ಕಟ್ಟುವ ಕೆಲಸಕ್ಕೆ ಹಾಕಿದರು. ಸರಿಯಾದ ಕೆಲಸಕ್ಕೆ ಸರಿಯಾದ ಮನುಷ್ಯನನ್ನು ಹಾಕಿದ್ದು ಆ ಯುದ್ಧದಲ್ಲಿ ಅದೊಂದೇ ಸಲವಿರಬೇಕು.

ಸತ್ತವರು ಎನ್ನುವುದೂ ತಪ್ಪೇ. ಕಾಗದದ ಭಾಷೆಯಲ್ಲಿ ಅವರು ಕಾಣೆಯಾದವರು. ಸಂಜೆ ಇಪ್ಪತ್ತು ವಿಮಾನ ಏರಿದರೆ ಬೆಳಗ್ಗೆ ಹದಿನೆಂಟು ಇಳಿಯುತ್ತಿದ್ದವು, ಒಮ್ಮೊಮ್ಮೆ ಹದಿನಾರು. ಒಂದೊಂದರಲ್ಲಿ ಏಳು ಹುಡುಗರು. ಮೂವತ್ತು ಸಲ ಹೋಗಿಬಂದವನಿಗೆ ಬಿಡುಗಡೆ ಎಂದು ನಿಯಮವೇನೋ ಇತ್ತು; ೧೯೪೪ರ ಆ ಚಳಿಗಾಲ ಮೂವತ್ತು ಮುಟ್ಟಿದವರನ್ನು ಎನಕ್ ಒಂದೇ ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಬಾರದವರ ಮಂಚಗಳು ಮಧ್ಯಾಹ್ನದೊಳಗೆ ಖಾಲಿಯಾಗಬೇಕು, ಏಕೆಂದರೆ ಅದೇ ದಿನ ಹೊಸ ಏಳು ಮಂದಿ ಗಂಟುಮೂಟೆ ಹೊತ್ತು ಬರುತ್ತಿದ್ದರು. ಹಿಂದಿನವನ ಒಂದು ಗುಂಡಿ ಕೂಡ ಅವರ ಕಣ್ಣಿಗೆ ಬೀಳಬಾರದು. ಎನಕ್ ಪಡೆಯ ಸಾಮಾನನ್ನು ಒಂದು ಕಡೆ, ಮನೆಯ ಸಾಮಾನನ್ನು ಇನ್ನೊಂದು ಕಡೆ ಮಾಡಿ, ಜೇಬುಗಳಿಗೆ ಕೈಹಾಕಿ ತಾಯಂದಿರು ನೋಡಬಾರದ್ದನ್ನೆಲ್ಲ ಒಲೆಗೆ ಹಾಕಿ, ಉಳಿದದ್ದನ್ನು ಮಡಚಿ ಪೆಟ್ಟಿಗೆಗಿಟ್ಟು ಒಂದು ಚೀಟಿ ಬರೆಯುತ್ತಿದ್ದ. ಆ ಚೀಟಿ ಕಚೇರಿಗೆ ಮುಟ್ಟಿದ ಮೇಲೆಯೇ ಮನೆಗಳಿಗೆ ಟೆಲಿಗ್ರಾಂ ಹೊರಡುತ್ತಿದ್ದವು.

ಇಂಥವನ ಪಕ್ಕ ಯಾರು ಕೂರುತ್ತಾರೆ? ಹುಡುಗರು ಅವನನ್ನು ತಾತ ಎನ್ನುತ್ತಿದ್ದರು, ಎದುರು ಬಂದರೆ ಹಾದಿ ಬದಲಿಸುತ್ತಿದ್ದರು. ಊಟದ ಮನೆಯಲ್ಲಿ ಅವನ ಮೇಜಿಗೆ ಬಂದು ಕೂರುತ್ತಿದ್ದವನು ಒಬ್ಬನೇ, ಹೊರೇಸ್ ಡ್ರೂರಿ. ಗ್ರಿಮ್ಸ್‌ಬಿ ಬಂದರಿನವನು, ಇಪ್ಪತ್ತು ವರ್ಷ, ಕುಳ್ಳ. ವಿಮಾನದ ಬಾಲದ ತುದಿಯಲ್ಲಿ ಗಾಜಿನ ಗೂಡೊಂದಿರುತ್ತದೆ. ಅದರಲ್ಲಿ ಮಂಡಿ ಮಡಚಿ ಎಂಟು ಗಂಟೆ ಒಬ್ಬನೇ ಕೂತು ಹಿಂದಿನ ಆಕಾಶ ಕಾಯುವ ಬಂದೂಕಿನವನು. ಬೆನ್ನಟ್ಟಿ ಬರುವ ಶತ್ರು ಮೊದಲು ಹೊಡೆಯುವುದು ಆ ಗೂಡಿಗೇ. ಅದು ಗೊತ್ತಿದ್ದೂ ಅವನ ಬಾಯಿಗೆ ಬೀಗವಿರಲಿಲ್ಲ.

"ಏನ್ ತಾತ, ನನ್ನ ಪ್ಯಾಂಟಿನ ಅಳತೆ ತಗೊಂಡಾಯ್ತಾ? ಎಡಗಡೆ ಜೇಬು ಹರಿದಿದೆ, ಅಮ್ಮಂಗೆ ಕಳ್ಸೋಕ್ ಮುಂಚೆ ಹೊಲಿದ್ಬಿಡು. ಇಲ್ಲಾಂದ್ರೆ ನಾನು ಸತ್ತ ಮೇಲೂ ಬೈತಾಳೆ" ಎನ್ನುತ್ತಿದ್ದ. ಎನಕ್ ಚಹಾ ಮುಂದೆ ತಳ್ಳುತ್ತಿದ್ದ. ಮದುವೆಯಿಲ್ಲ, ಮಕ್ಕಳಿಲ್ಲ, ತಮಾಷೆ ಮಾಡುವವರೂ ಇಲ್ಲ ಎಂದು ಬದುಕಿದವನಿಗೆ ಆ ಹುಡುಗನ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತು. ಆ ಕೆಲಸದಲ್ಲಿ ಅದು ಮಾಡಬಾರದ ತಪ್ಪು.

ಎನಕ್ ತನಗೆ ತಾನೇ ಹಾಕಿಕೊಂಡ ಒಂದು ನಿಯಮವಿತ್ತು. ಹನ್ನೊಂದು ಗಂಟೆಯ ತನಕ ಯಾವ ಮಂಚವನ್ನೂ ಮುಟ್ಟುತ್ತಿರಲಿಲ್ಲ. ಏಟು ತಿಂದ ವಿಮಾನಗಳು ಸಿಕ್ಕಿದ ನೆಲೆಯಲ್ಲಿ ಇಳಿದುಬಿಡುವುದುಂಟು, ಅಲ್ಲಿಂದ ಫೋನು ಬರಲು ಹೊತ್ತಾಗುವುದುಂಟು. ಮೇಲಿನವರು ಎಷ್ಟು ಗದರಿಸಿದರೂ ಗಡಿಯಾರ ತೋರಿಸಿ ಸುಮ್ಮನೆ ಕೂರುತ್ತಿದ್ದ. ಎರಡು ವರ್ಷದಲ್ಲಿ ಆ ನಿಯಮ ಮುರಿದದ್ದು ಒಂದೇ ಸಲ.

ಜನವರಿಯ ಕೊನೆಯ ವಾರ, ಮೊಣಕಾಲುದ್ದ ಹಿಮ. ಹೊರೇಸನ ವಿಮಾನ ಬರ್ಲಿನ್ನಿನಿಂದ ಬಂದಿರಲಿಲ್ಲ. ಹೊಸ ಏಳು ಹುಡುಗರು ಮಾತ್ರ ಏಳು ಗಂಟೆಗೇ ಬಂದು, ಒಳಗೆ ಬಿಡುವವರಿಲ್ಲದೆ ಬಾಗಿಲ ಹೊರಗೆ ಕಾಲು ಬಡಿಯುತ್ತ ನಿಂತಿದ್ದರು. ಅವರಲ್ಲೊಬ್ಬನಿಗೆ ಕೆಮ್ಮು, ಒಂದೇ ಸಮನೆ ಕೆಮ್ಮುತ್ತಿದ್ದ. ಒಳಗೆ ಒಲೆ ಉರಿಯುತ್ತಿದೆ, ಏಳು ಮಂಚ ಬರಿದಾಗಿವೆ, ಹೊರಗೆ ಬದುಕಿರುವ ಹುಡುಗರು ನಡುಗುತ್ತಿದ್ದಾರೆ. ಎನಕ್ ಎಂಟೂವರೆಯ ತನಕ ತಡೆದ. ಒಂಬತ್ತಕ್ಕೆ ಅವನ ಕೈಲಾಗಲಿಲ್ಲ. ಫೋನು ಬಂದಿಲ್ಲವಲ್ಲ ಎಂದುಕೊಂಡ. ಹಿಮದ ಭಾರಕ್ಕೆ ಫೋನಿನ ತಂತಿಯೇ ಕಡಿದು ಬಿದ್ದಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಏಳೂ ಮಂಚ ಖಾಲಿ ಮಾಡಿ, ಚೀಟಿ ಕಳಿಸಿ, ಹುಡುಗರನ್ನು ಒಳಗೆ ಕರೆದ. ಹತ್ತರ ಹೊತ್ತಿಗೆ ಸವಾರನೊಬ್ಬ ಪೇಟೆಯ ಅಂಚೆ ಕಚೇರಿಗೆ ಒಯ್ದು, ಏಳು ಮನೆಗಳಿಗೆ ಟೆಲಿಗ್ರಾಂ ಹೋಯಿತು.

ಮಧ್ಯಾಹ್ನ ಮೂರಕ್ಕೆ ಲಾರಿಯೊಂದು ಬಂದು ನಿಂತಿತು, ಏಳು ಮಂದಿಯೂ ಇಳಿದರು. ಒಂದು ಎಂಜಿನ್ ಸತ್ತು, ರೇಡಿಯೊ ಪುಡಿಯಾಗಿ, ಸಫೋಕಿನ ಕಡಲತೀರದ ನೆಲೆಯೊಂದರಲ್ಲಿ ಇಳಿದಿದ್ದರು. ಹೊರೇಸ್ ನೆಟ್ಟಗೆ ತನ್ನ ಮಂಚಕ್ಕೆ ಹೋದರೆ ಅಲ್ಲಿ ಯಾರೋ ಕೆಮ್ಮುತ್ತ ಮಲಗಿದ್ದಾನೆ. ಅಲ್ಲಿಂದ ಎನಕ್‌ನ ಉಗ್ರಾಣಕ್ಕೆ ಬಂದ.

"ತಾತ, ಪ್ಯಾಂಟ್ ಕೊಡು. ಸತ್ತೋನಿಗೆ ಚಳಿ ಆಗ್ತಿದೆ."

ಎನಕ್ ಹಗ್ಗ ಬಿಗಿದ ಪೆಟ್ಟಿಗೆಯನ್ನು ಎಳೆದುಕೊಟ್ಟ. ಹೊರೇಸನೇ ಬಿಚ್ಚಿಕೊಂಡ. ಹರಿದ ಜೇಬನ್ನು ಹೊಲಿದಿದ್ದು ಕಂಡು ಹೊಲಿಗೆಯನ್ನು ಬೆರಳಲ್ಲಿ ಸವರಿದ, ಆಮೇಲೆ ಜೋರಾಗಿ ನಕ್ಕ. ನಕ್ಕವನು ಅವನೊಬ್ಬನೇ. ಆ ನೆಲೆಯಲ್ಲಿ ಒಂದು ನಂಬಿಕೆಯಿತ್ತು: ಒಮ್ಮೆ ಮಂಚ ಖಾಲಿಯಾದವನು ಹೋದವನೇ, ತಾರೀಕಷ್ಟೇ ಬಾಕಿ. ಮಾರನೆಯ ದಿನದಿಂದ ಆ ಏಳು ಮಂದಿ ಕೂತ ಮೇಜಿಗೆ ಬೇರೆಯವರು ಬರಲಿಲ್ಲ. ಅವರ ಬೆಂಕಿಪೊಟ್ಟಣದಿಂದ ಯಾರೂ ಸಿಗರೇಟು ಹಚ್ಚಿಕೊಳ್ಳಲಿಲ್ಲ.

ತಪ್ಪು ತಿದ್ದಿ ಏಳು ಟೆಲಿಗ್ರಾಂ ಮತ್ತೆ ಹೋದವು. ಆರು ಮನೆಯವರು ದೇವರಿಗೆ ಕೈಮುಗಿದು ಸುಮ್ಮನಾದರು. ಏಳನೆಯ ಮನೆಯಾಕೆ ಬಸ್ಸು ಹತ್ತಿ ನೆಲೆಗೇ ಬಂದಳು. ಹೊರೇಸನ ತಾಯಿ ಹೆಸ್ಟರ್. ನಲವತ್ಮೂರರ ಗಟ್ಟಿ ಹೆಂಗಸು, ಮೀನಿನ ಬಲೆ ಹೆಣೆದು ಹೆಣೆದು ಡಾಂಬರು ಮೆತ್ತಿದ ಬೆರಳುಗಳು. ಕಂಕುಳಲ್ಲಿ ಹಳೇ ಪತ್ರಿಕೆ ಸುತ್ತಿದ ಹೊಗೆಮೀನು. ಕಾವಲಿನವನು ತಡೆದರೆ, ನನ್ನ ಮಗನನ್ನು ಸಾಯಿಸಿದವನು ಯಾರು, ಅವನನ್ನು ಕರಿ ಎಂದು ಗೇಟಿನಲ್ಲೇ ನಿಂತಳಂತೆ. ಎನಕ್ ಟೋಪಿ ಕೈಯಲ್ಲಿ ಹಿಡಿದು ಹೋದ. ಆಕೆ ಅವನನ್ನು ಅಡಿಯಿಂದ ಮುಡಿತನಕ ನೋಡಿದಳು.

"ನೀನಾ? ಇಲಿ ಹಿಡಿಯೋಕೂ ಕೈಲಾಗದೋನ ಥರ ಇದೀಯ."

ತಪ್ಪಾಯಿತು ತಾಯಿ ಎಂದ ಎನಕ್. ಹೊರಗೆ ಹುಡುಗರು ಚಳಿಯಲ್ಲಿ ನಿಂತಿದ್ದರು, ಅದಕ್ಕೆ, ಎಂದ. ಆಕೆಗೆ ಅರ್ಥವಾಯಿತು. ಬೈಯಲು ಬಂದವಳು ಕಲ್ಲಿನ ಮೇಲೆ ಕೂತು ತನ್ನ ಕಥೆ ಹೇಳಿಕೊಂಡಳು. ಗಂಡ ಐಸ್‌ಲ್ಯಾಂಡ್ ಕಡೆ ಮೀನಿಗೆ ಹೋದ ಹಡಗಿನ ಜೊತೆ ೧೯೨೯ರಲ್ಲೇ ಮುಳುಗಿಹೋಗಿದ್ದ. ಅವರ ಕಡೆ, ಗಂಡಸು ಕಡಲಿಗೆ ಹೊರಟ ದಿನ ಹೆಂಗಸರು ಬಟ್ಟೆ ಒಗೆಯುವುದಿಲ್ಲ, ಒಗೆದರೆ ಅವನೂ ಕೊಚ್ಚಿಹೋಗುತ್ತಾನೆ ಎಂದು ನಂಬಿಕೆ. ಈ ನಿಮ್ಮ ಹಾಳು ವಿಮಾನ ಯಾವ ದಿನ ಹೊರಡುತ್ತದೆಂದು ಯಾರೂ ಹೇಳುವುದಿಲ್ಲ, ಆರು ತಿಂಗಳಿಂದ ನನ್ನ ಮನೆಯಲ್ಲಿ ಮೈಲಿಗೆ ಬಟ್ಟೆ ಬೆಟ್ಟವಾಗಿದೆ ಎಂದಳು. ಏಳುವಾಗ ಮೀನಿನ ಪೊಟ್ಟಣ ಅವನ ಕೈಗಿಟ್ಟಳು.

"ಕೇಳು, ಕಾಗದದಲ್ಲಿ ಬಂದಿದ್ದನ್ನ ನಾನಿನ್ನು ನಂಬಲ್ಲ. ಅವನ ಅಪ್ಪನ ಸುದ್ದೀನ ಕಂಪನಿಯೋನು ಬಾಗ್ಲಿಗೆ ಬಂದು ಹೇಳ್ದ, ನಂಬ್ದೆ. ಹೇಳೋದೇನಾದ್ರೂ ಇದ್ರೆ ನೀನೇ ಬರ್ಬೇಕು. ನನ್ನ ಮುಖ ನೋಡಿ ಹೇಳ್ಬೇಕು. ಆಯ್ತಾ?"

ಎನಕ್ ಆಯಿತು ಎಂದ.

ಆರು ವಾರ ಕಳೆಯಿತು. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಹೊರೇಸನ ವಿಮಾನ ಮತ್ತೆ ಬರಲಿಲ್ಲ. ಹನ್ನೊಂದಾಯಿತು, ಒಂದಾಯಿತು, ನಾಲ್ಕಾಯಿತು. ಎನಕ್ ಆರು ಮಂಚ ಖಾಲಿ ಮಾಡಿ ಏಳನೆಯದನ್ನು ಹಾಗೇ ಬಿಟ್ಟು, ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಅಧಿಕಾರಿ ಬಂದು ಕೂಗಾಡಿದ, ಅವನು ಅಲುಗಲಿಲ್ಲ. ಕೊನೆಗೆ ಅಲ್ಲಿಗೆ ಬಂದವನು ಇನ್ನೊಂದು ವಿಮಾನದ ಬಂದೂಕಿನ ಹುಡುಗ. ಅವನು ಎನಕ್‌ನ ಹತ್ತಿರ ಯಾವತ್ತೂ ಮಾತಾಡಿದವನಲ್ಲ.

"ಕಾಯ್ಬೇಡ ತಾತ. ಬಾಲ್ಟಿಕ್ ಸಮುದ್ರದ ಮೇಲೆ. ನಮ್ಮ ಪಕ್ಕಾನೇ ಇದ್ರು. ಬೆಂಕಿ ಹತ್ಕೊಂಡಾಗ ಆ ಬೆಳಕಲ್ಲೇ ಅವರ ವಿಮಾನದ ಮೇಲಿನ ಅಕ್ಷರ ಓದ್ದೆ. ಆಮೇಲೆ ಸಿಡೀತು. ಚೂರೂ ಉಳೀಲಿಲ್ಲ. ಒಂದು ಪ್ಯಾರಾಚೂಟೂ ಬಿಚ್ಕೊಳ್ಳಿಲ್ಲ."

ಈ ಮಾತನ್ನು ಅವನು, ಇಳಿದ ಕೂಡಲೇ ಅಧಿಕಾರಿಗಳು ಮಾಡುವ ವಿಚಾರಣೆಯಲ್ಲೂ ಹೇಳಿದ್ದ. ಖಚಿತವಲ್ಲ ಎಂದು ಬರೆದುಕೊಂಡಿದ್ದರು. ಖಚಿತವಲ್ಲದ್ದನ್ನು ಮನೆಯವರಿಗೆ ತಿಳಿಸುವ ಪದ್ಧತಿಯಿರಲಿಲ್ಲ. ಎಂಟು ದಿನಕ್ಕೆ ಆ ಹುಡುಗನ ಮಂಚವನ್ನೂ ಎನಕ್ ಖಾಲಿ ಮಾಡಿದ. ಹೊರೇಸನ ಸಾವನ್ನು ಕಂಡವನ ಮಾತು ಕೇಳಿ ನಂಬಿದವನು ಆ ನೆಲೆಯಲ್ಲಿ ಆಮೇಲೆ ಎನಕ್ ಒಬ್ಬನೇ ಉಳಿದ.

ಒಂದು ದಿನದ ರಜೆ ಬೇಡಿ ಗ್ರಿಮ್ಸ್‌ಬಿಗೆ ಹೋದ. ಹಾರ್ಪೂನ್ ಬೀದಿ, ಬಂದರಿನ ಬೆನ್ನಿಗೆ ಅಂಟಿದ ಇಟ್ಟಿಗೆ ಮನೆಗಳ ಸಾಲು. ಹೆಸ್ಟರ್ ಹಿತ್ತಲಿನಲ್ಲಿ ಗೋಡೆಗೆ ಬಲೆ ತೂಗುಹಾಕಿಕೊಂಡು ಹೆಣೆಯುತ್ತಿದ್ದಳು. ಟೆಲಿಗ್ರಾಂ ಬಂದಿತ್ತು. ಹೋದ ಸಲದ್ದೇ ಕಾಗದ, ಅದೇ ಮಾತು, ಹೆಸರು ಕೂಡ ಅದೇ ಎಂದಳು. ಅವನು ಬಂದಿರುವುದು ಯಾಕೆಂದು ಗೊತ್ತಿದ್ದರೂ ಕೈ ನಿಲ್ಲಿಸಲಿಲ್ಲ. ಎನಕ್ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಬಾಯಿ ತೆರೆದ.

"ಯಾರಾದ್ರೂ ನೋಡಿದ್ರಾ?" ಎಂದು ಆಕೆಯೇ ಕೇಳಿದಳು.

ಆಗ ಅವಳ ಕೈ ನಿಂತಿತು. ಬಲೆಯ ಕಣ್ಣಿನೊಳಗೆ ತೂರಿದ ಬೆರಳುಗಳು ಅಲ್ಲೇ ಸಿಕ್ಕಿಕೊಂಡಂತೆ ಉಳಿದದ್ದನ್ನು ಎನಕ್ ನೋಡಿಬಿಟ್ಟ. ನೋಡಬಾರದಿತ್ತು. ಜನವರಿಯಲ್ಲಿ ಹಿಮದಲ್ಲಿ ನಿಂತ ಹುಡುಗರನ್ನು ಕಂಡಾಗ ಏನಾಗಿತ್ತೋ ಅದೇ ಆಯಿತು.

"ಇಲ್ಲ. ಯಾರೂ ನೋಡಿಲ್ಲ" ಎಂದ.

"ಹಾಗಾದ್ರೆ ಇದಾನೆ" ಎಂದು ಹೆಸ್ಟರ್ ಮತ್ತೆ ಹೆಣೆಯತೊಡಗಿದಳು. "ಕೂತ್ಕೊ, ಚಹಾ ಮಾಡ್ತೀನಿ."

ಕರುಣೆ ಎನ್ನುವುದನ್ನು ದೊಡ್ಡ ಗುಣವೆಂದು ಹೊಗಳುತ್ತಾರೆ. ಹೊಗಳುವವರು ಎನಕ್ ಡ್ಯಾನಟ್‌ನ ಕಡೆ ಒಮ್ಮೆ ನೋಡಬೇಕು. ಒಂದು ಕೆಟ್ಟ ಸುದ್ದಿ ಹೇಳಲಾರದ ಮೆತ್ತಗಿನ ಮನುಷ್ಯ ಮಾಡುವಷ್ಟು ಹಾನಿಯನ್ನು ಕ್ರೂರಿ ಕೂಡ ಮಾಡಲಾರ.

ಯುದ್ಧ ಮುಗಿಯಿತು. ಎನಕ್ ಲೌತಿಗೆ, ಅದೇ ಅಂಗಡಿಗೆ ಮರಳಿದ. ಗುರುವಾರ ಅರ್ಧ ದಿನ ಅಂಗಡಿ ಮುಚ್ಚುತ್ತಿತ್ತು. ಗುರುವಾರ ಮಧ್ಯಾಹ್ನ ಒಂದೂವರೆಯ ಬಸ್ಸಿಗೆ ಗ್ರಿಮ್ಸ್‌ಬಿಗೆ ಹೋಗುವುದು, ಹೆಸ್ಟರಳ ಅಡುಗೆಮನೆಯಲ್ಲಿ ಮೀನು, ಬ್ರೆಡ್ಡು, ಚಹಾ, ಸಂಜೆಯ ಬಸ್ಸಿಗೆ ವಾಪಸು. ಮೊದಲು ತಿಂಗಳಿಗೊಮ್ಮೆ ಇದ್ದದ್ದು ವಾರಕ್ಕೊಮ್ಮೆಯಾಯಿತು. ನಿಜ ಹೇಳಲೆಂದೇ ಹೋಗುತ್ತಿದ್ದ. ಹೋದಾಗಲೆಲ್ಲ ಆಕೆ ಹೊಸದೊಂದು ಕಾಗದ ಮುಂದಿಡುತ್ತಿದ್ದಳು: ದಾರಿ ತಪ್ಪಿದ ವಿಮಾನಗಳು ಇಳಿಯುತ್ತಿದ್ದ ಸ್ವೀಡನ್ನಿಗೆ ಬರೆದದ್ದು, ರೆಡ್‌ಕ್ರಾಸಿಗೆ ಬರೆದದ್ದು, ಅಲ್ಲಿಂದ ಬಂದ ಇಲ್ಲ ಎಂಬ ಉತ್ತರ. ಸತ್ತಿದ್ದಾನೆಂದು ಭಾವಿಸಲಾಗಿದೆ ಎಂದು ಸರ್ಕಾರದ ಪತ್ರ ಬಂದಾಗ, ಭಾವಿಸುವುದಕ್ಕೆ ಇವರಿಗೇನು ಖರ್ಚು ಎಂದು ಒಲೆಗೆ ಹಾಕಿದಳು. ಥೇಮ್ಸ್ ನದಿಯ ಮೇಲಿನ ಗುಡ್ಡದಲ್ಲಿ, ಗೋರಿಯಿಲ್ಲದ ವಾಯುಪಡೆಯವರ ಹೆಸರುಗಳನ್ನು ಗೋಡೆಯಲ್ಲಿ ಕೆತ್ತಿದಾಗ ಅವಳಿಗೂ ಆಹ್ವಾನ ಬಂತು. ಹೋಗಲಿಲ್ಲ. ರಷ್ಯದಿಂದ ಕೈದಿಗಳು ಮರಳುತ್ತಿದ್ದಾರೆಂದು ಪತ್ರಿಕೆಯಲ್ಲಿ ಓದಿದ ವರ್ಷ ಮಾತ್ರ ಹೊರೇಸನ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು.

ಮಂಜುಗಡ್ಡೆ ಕಾರ್ಖಾನೆಯ ಸ್ಯಾಮ್ ಓಡ್ಲಿಂಗ್ ಎಂಬವನು ಅವಳನ್ನು ಮದುವೆಯಾಗಲು ಕೇಳಿದ್ದ. ಒಳ್ಳೆಯವನು, ಕುಡಿತವಿಲ್ಲ. ಹುಡುಗ ಬರಲಿ, ಅವನನ್ನು ಕೇಳದೆ ಹೇಗೆ ಎಂದಳು ಹೆಸ್ಟರ್. ಸ್ಯಾಮ್ ನಾಲ್ಕು ವರ್ಷ ಕಾದು ಬೇರೆಯವಳನ್ನು ಮಾಡಿಕೊಂಡ. ಆ ಗುರುವಾರ ಎನಕ್ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ಬಿಡದಿದ್ದುದಕ್ಕೆ ಕಾರಣ ಕರುಣೆಯಷ್ಟೇ ಅಲ್ಲವೆಂದು ಅವನಿಗೂ ಗೊತ್ತಿತ್ತು. ಜಗತ್ತಿನಲ್ಲಿ ಅವನಿಗಾಗಿ ಚಹಾಕ್ಕೆ ನೀರಿಡುವ ಒಲೆ ಅದೊಂದೇ. ಹೊರೇಸ್ ಸತ್ತರೆ ಗುರುವಾರವೂ ಸಾಯುತ್ತದೆ. ಇದು ತಿಳಿದ ದಿನ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಮುಂದಿನ ಗುರುವಾರ ಬಸ್ಸು ಹತ್ತಿದ.

ಹೀಗೆ ಹತ್ತೊಂಬತ್ತು ವರ್ಷ. ೧೯೬೩ರಲ್ಲಿ ಹಾರ್ಪೂನ್ ಬೀದಿಯನ್ನು ಕೆಡವುವುದಾಗಿ ಕೌನ್ಸಿಲಿನಿಂದ ನೋಟಿಸು ಬಂತು. ಗೋಡೆಗಳಲ್ಲಿ ತೇವ, ಮನೆಯೊಳಗೆ ಕಕ್ಕಸಿಲ್ಲ. ಎಲ್ಲರಿಗೂ ಊರ ಹೊರಗೆ ಹೊಸ ಮನೆ ಕೊಟ್ಟರು. ಒಬ್ಬೊಬ್ಬರಾಗಿ ಹೋದರು, ಕಿಟಕಿಗಳಿಗೆ ಹಲಗೆ ಬಡಿದರು. ನಲವತ್ತು ಮನೆಗಳಲ್ಲಿ ಐದು ಉಳಿದವು. ಹೆಸ್ಟರ್ ಕದಲಲಿಲ್ಲ. ಅವನು ಬಂದು ಬಾಗಿಲು ತಟ್ಟಿದರೆ ಇಟ್ಟಿಗೆ ರಾಶಿ ಮಾತಾಡುತ್ತದಾ ಎಂದು ಕೌನ್ಸಿಲಿನವನನ್ನು ಕೇಳಿದಳು. ಬರುವ ಸೋಮವಾರ ಪೊಲೀಸರನ್ನು ಕರೆತಂದು ಎತ್ತಿ ಹೊರಗಿಡುತ್ತೇವೆ ಎಂದು ಅವನು ಹೇಳಿ ಹೋದ. ಅರವತ್ತೆರಡು ವರ್ಷದ ಹೆಂಗಸನ್ನು ಕುರ್ಚಿ ಸಮೇತ ಬೀದಿಗಿಡುತ್ತಾರೆಂದರೆ ಇನ್ನು ಹೇಳದೆ ಬೇರೆ ದಾರಿಯಿರಲಿಲ್ಲ.

ಗುರುವಾರ ಮಧ್ಯಾಹ್ನ, ಚಹಾಕ್ಕೆ ಮೊದಲೇ, ಎನಕ್ ನಿಂತುಕೊಂಡೇ ಹೇಳಿದ.

"ಹೆಸ್ಟರ್, ಅವನು ಬರಲ್ಲ. ಆ ದಿನಾನೇ ಒಬ್ಬ ನೋಡಿದ್ದ. ನಂಗೆ ಬಂದು ಹೇಳಿದ್ದ. ಸಮುದ್ರದ ಮೇಲೆ ಸಿಡೀತಂತೆ. ಪ್ಯಾರಾಚೂಟ್ ಒಂದೂ ಇರ್ಲಿಲ್ವಂತೆ. ನಾನು ನಿಮ್ಮ ಮುಂದೆ ಬಂದು ನಿಂತಾಗ ನಂಗೆ ಗೊತ್ತಿತ್ತು."

ಕೆಟಲ್ ಕುದಿಯಿತು, ಹೆಸ್ಟರ್ ಎದ್ದು ಅದನ್ನು ಇಳಿಸಿ ಮತ್ತೆ ಬಂದು ಕೂತಳು. ಚಹಾ ಮಾಡಲಿಲ್ಲ.

"ಬೆಂಕಿ ಎಲ್ಲಿಂದ ಹತ್ತಿದ್ದು? ಮುಂದ್ಗಡೆಯಿಂದಾನಾ, ಬಾಲದ ಕಡೆಯಿಂದಾನಾ?" ಎಂದು ಕೇಳಿದಳು.

ಬಾಲದಿಂದ ಹತ್ತಿದ್ದರೆ ಹುಡುಗ ಮೊದಲು ಹೋದ. ಮುಂದಿನಿಂದ ಹತ್ತಿದ್ದರೆ ಗಾಜಿನ ಗೂಡಿನಲ್ಲಿ ಒಬ್ಬನೇ ಕೂತು ಬೆಂಕಿ ಬರುವುದನ್ನು ಕಾದ. ಬಾಲದಿಂದಲೇ ಎಂದು ಒಂದು ಮಾತು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂತು. ಎನಕ್ ಅದನ್ನು ನುಂಗಿಕೊಂಡ.

"ಗೊತ್ತಿಲ್ಲ. ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ."

ಹೆಸ್ಟರ್ ತಲೆಯಾಡಿಸಿದಳು. ಅಳುವಿರಲಿಲ್ಲ, ದನಿಯೂ ಏರಲಿಲ್ಲ.

"ಬದುಕಿದ್ದಾಗ ಸತ್ತ ಅಂದೆ, ಕ್ಷಮಿಸ್ದೆ. ಅದು ತಪ್ಪು. ಎಲ್ರೂ ಮಾಡ್ತಾರೆ. ಸತ್ತಾಗ ಬದುಕಿದಾನೆ ಅಂದ್ಯಲ್ಲ, ಅದು ತಪ್ಪಲ್ಲ ಕಣಯ್ಯ. ಅವತ್ತು ನಂಗೆ ನಲವತ್ಮೂರು. ಅಳೋಕ್ ಶಕ್ತಿ ಇತ್ತು. ಅತ್ತು ಎದ್ದೇಳ್ತಿದ್ದೆ. ಗಂಡನಿಗೆ ಅತ್ತು ಎದ್ದಿರ್ಲಿಲ್ವಾ? ಈಗ ಯಾವ ಕಣ್ಣಲ್ಲಿ ಅಳ್ಲಿ?"

ಪ್ರತಿ ಗುರುವಾರ ಇಲ್ಲೇ ಕೂತು, ನನ್ನ ಕೈಯ ಮೀನು ತಿಂದುಕೊಂಡು, ಸ್ವೀಡನ್ನಿನ ಕಾಗದ ಓದಿ ಹೇಳುತ್ತಿದ್ದೆಯಲ್ಲ ಎಂದಳು. ಹೌದು ಎಂದ. ಸೋಮವಾರ ಪೊಲೀಸರು ಬರುವುದು ಬೇಡ, ನಾನೇ ಹೋಗುತ್ತೇನೆ, ಕೌನ್ಸಿಲಿನವನಿಗೆ ಹೇಳಿಬಿಡು ಎಂದಳು. ಹೊಸ ಮನೆಗೆ ಸಾಮಾನು ಸಾಗಿಸಲು ಬರಲೇ ಎಂದು ಅವನು ಕೇಳಿದ.

"ಬೇಡ. ಅಲ್ಲಿಗೆ ಬರ್ಬೇಡ. ಗುರುವಾರಾನೂ ಬರ್ಬೇಡ, ಯಾವ ವಾರಾನೂ ಬರ್ಬೇಡ" ಎಂದು ಅವನ ಟೋಪಿಯನ್ನು ಕೈಗೆ ಕೊಟ್ಟಳು.

ಎನಕ್ ಬೀದಿಗಿಳಿದ. ಬಿಸಿಲಿತ್ತು. ಹಿಂದೆ ಕಿಟಕಿಯಲ್ಲಿ ಏನೋ ಸರಿದ ಸದ್ದಾಗಿ ತಿರುಗಿ ನೋಡಿದ. ಹೆಸ್ಟರ್ ಬೀದಿ ಬದಿಯ ಕಿಟಕಿಯ ಪರದೆಗಳನ್ನು ಎರಡೂ ಕಡೆಯಿಂದ ಎಳೆದು ಸೇರಿಸುತ್ತಿದ್ದಳು. ಮನೆಯಲ್ಲಿ ಸಾವಾದರೆ ಆ ಬೀದಿಯವರು ಹಾಡಹಗಲೇ ಪರದೆ ಮುಚ್ಚುತ್ತಾರೆ. ನೋಡಿದ ನೆರೆಯವರೂ ತಮ್ಮ ತಮ್ಮ ಪರದೆ ಮುಚ್ಚುತ್ತಾರೆ. ಹೊರೇಸನಿಗೆ ಆ ಕಿಟಕಿ ಈವರೆಗೆ ಮುಚ್ಚಿರಲಿಲ್ಲ.

ಎದುರು ಮನೆಯ ಐವಿ ಮೆಟ್ಟಿಲು ಒರೆಸುತ್ತಿದ್ದವಳು ಬಟ್ಟೆ ಕೈಯಲ್ಲೇ ಹಿಡಿದು ಎದ್ದುನಿಂತಳು. ಎಪ್ಪತ್ತರ ಮುದುಕಿ, ಹೆಸ್ಟರಳ ಹೆರಿಗೆಗೂ ನಿಂತವಳು.

"ಯಾರಪ್ಪಾ ಹೋಗಿದ್ದು?"

"ಹೊರೇಸ್" ಎಂದ ಎನಕ್.

"ಅಯ್ಯೋ ಮಗನೇ. ಯಾವಾಗ?"

ಎನಕ್ ಪರದೆ ಮುಚ್ಚಿದ ಕಿಟಕಿಯ ಕಡೆ ತಿರುಗಿದ. ಐವಿ ಅವನ ಮುಖವನ್ನೇ ನೋಡಿದಳು, ಹೆಚ್ಚು ಕೇಳಲಿಲ್ಲ. ಒದ್ದೆ ಕೈ ಒರೆಸಿಕೊಂಡು ಒಳಗೆ ಹೋಗಿ ತನ್ನ ಪರದೆ ಎಳೆದಳು. ಆಮೇಲೆ ಮೂಲೆಮನೆಯಲ್ಲಿ, ಆಮೇಲೆ ಅದರಾಚೆಯದರಲ್ಲಿ, ಜನ ಉಳಿದಿದ್ದ ಐದೂ ಮನೆಗಳಲ್ಲಿ ಪರದೆ ಬಿತ್ತು. ಮಿಕ್ಕ ಕಿಟಕಿಗಳಿಗೆ ಆಗಲೇ ಹಲಗೆ ಬಡಿದಿತ್ತು. ಎನಕ್ ಟೋಪಿ ಹಾಕಿಕೊಳ್ಳದೆ ಬೀದಿಯ ಕೊನೆತನಕ ನಡೆದು, ಬಸ್ಸಿಗೆ ಇನ್ನೂ ಮೂರು ಗಂಟೆಯಿದ್ದುದರಿಂದ ನಿಲ್ದಾಣದ ಬೆಂಚಿನ ಮೇಲೆ ಕೂತ.